ಖಾಲಿ ಪರದೆ ಎದುರು ಕೈ ಓಡುತ್ತಿಲ್ಲ

ಪ್ರಶ್ನೆ: ಮೇಡಂ, ಬಿಸಿಎ ಮುಗಿಸಿ ಮನೆಯಲ್ಲಿದ್ದೇನೆ. ವೆಬ್ ಪುಟ ಮಾಡೋದು ಕಲಿಯೋಣ ಅಂತ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ವಿಡಿಯೊಗಳನ್ನೆಲ್ಲ ನೋಡಿದ್ದೇನೆ. ನೋಡುವಾಗ ಎಲ್ಲ ಅರ್ಥವಾಗುತ್ತೆ, ನಾನೇ ಬರೆಯೋಣ ಅಂತ ಕೂತರೆ ಒಂದು ಸಾಲೂ ಹೊಳೆಯಲ್ಲ. ರಿಯಾಕ್ಟ್ (ಜಾವಾಸ್ಕ್ರಿಪ್ಟಿನ ಸಿದ್ಧ ಲೈಬ್ರರಿ) ಕಲಿತರೆ ಸರಿಹೋಗುತ್ತಾ? ಮನೆಯಲ್ಲಿ ಟೊಮೆಟೊ ಬೆಳೀತೀವಿ. ಅಪ್ಪನ ಲೆಕ್ಕ ಬರೆಯೋದು ನಾನೇ.
— ಓದುಗರು, ಶ್ರೀನಿವಾಸಪುರ

ಉತ್ತರ: ರಿಯಾಕ್ಟ್ ಸದ್ಯಕ್ಕೆ ಬೇಡ. ಲೆಕ್ಕ ಬರೀತೀನಿ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡಿ. ವಿಡಿಯೊದಲ್ಲಿ ಮಾಡಿಸುವ ಟು-ಡೂ ಲಿಸ್ಟ್ ನಿಮಗೆ ಬೇಕಾಗಿದ್ದೇ ಅಲ್ಲ. ಮುಂದಿನ ಸಾಲು ಎಲ್ಲಿಂದ ಹೊಳೆಯಬೇಕು ಹೇಳಿ? ಟೊಮೆಟೊ ಲೆಕ್ಕ ಹಾಗಲ್ಲ. ಉತ್ತರ ತಪ್ಪಿದರೆ ನೋಡಿದ ತಕ್ಷಣ ನಿಮಗೇ ಗೊತ್ತಾಗುತ್ತೆ.

ಒಂದೇ ಪುಟ ಮಾಡಿ. ಕೋಲಾರದ ಎಪಿಎಂಸಿಗೆ ಹೋದ 15 ಕೆಜಿ ಬಾಕ್ಸ್ ಎಷ್ಟು, ಹರಾಜಿನಲ್ಲಿ ಬಾಕ್ಸಿಗೆ ಸಿಕ್ಕ ದರ ಎಷ್ಟು, ಗಾಡಿ ಬಾಡಿಗೆ ಎಷ್ಟು. ಮೂರು ಖಾನೆ, ಒಂದು ಬಟನ್, ಕೆಳಗೆ ಕೈಗೆ ಬರುವ ದುಡ್ಡು. ಬಣ್ಣಗಿಣ್ಣ ಆಮೇಲೆ. 40 ಬಾಕ್ಸ್, ದರ 300, ಬಾಡಿಗೆ 800 ಹಾಕಿ. 11,200 ಬರುತ್ತೆ. ಖುಷಿ ಆಗುತ್ತೆ, ಅಲ್ವಾ?

ಮಜಾ ಇರೋದು ಇದರ ಮುಂದೆ. ಅದೇ ದಿನ ಇನ್ನೊಂದು ಲಾಟ್ ಹೋಗಿದೆ, 25 ಬಾಕ್ಸ್. ಅದಕ್ಕೊಂದು ಖಾನೆ ಸೇರಿಸಿ, ಒಟ್ಟು ಬಾಕ್ಸ್ ಕೂಡಿಸಿ. 65 ಬರಲ್ಲ, 4025 ಬರುತ್ತೆ! ಖಾನೆಯಲ್ಲಿ ಟೈಪ್ ಮಾಡಿದ್ದು ಅಂಕಿಯೇ ಆದರೂ ಜಾವಾಸ್ಕ್ರಿಪ್ಟ್ ಕೈಗೆ ಅದು ಸಿಗೋದು ಅಕ್ಷರಗಳ ಸಾಲಾಗಿ. ಎರಡು ಅಕ್ಷರದ ಸಾಲುಗಳ ನಡುವೆ ಪ್ಲಸ್ ಹಾಕಿದರೆ ಒಂದರ ಪಕ್ಕ ಒಂದು ಅಂಟಿಸುತ್ತೆ. ಗುಣಿಸೋಕೆ, ಕಳೆಯೋಕೆ ಹೇಳಿದರೆ ಮಾತ್ರ ತಾನೇ ಅಂಕಿ ಮಾಡಿಕೊಳ್ಳುತ್ತೆ. ಮೊದಲ ಲೆಕ್ಕ ಸರಿ ಬಂದಿದ್ದು ಅದಕ್ಕೇ. ಬ್ರೆಂಡನ್ ಐಕ್ 1995ರಲ್ಲಿ ಜಾವಾಸ್ಕ್ರಿಪ್ಟಿನ ಮೊದಲ ರೂಪ ಬರೆದಿದ್ದು ಹತ್ತೇ ದಿನದಲ್ಲಿ. ಇಂಥ ತಮಾಷೆಗಳು ಇನ್ನೂ ಇವೆ, ಗಾಬರಿ ಬೇಡ. ಬ್ರೌಸರ್‌ನಲ್ಲಿ ಎಫ್12 ಒತ್ತಿ ಕನ್ಸೋಲ್ (ಕೋಡ್ ಪರೀಕ್ಷಿಸುವ ಜಾಗ) ತೆರೆಯಿರಿ, ಖಾನೆಯಿಂದ ಬಂದಿದ್ದರ ಟೈಪ್ ಏನು ಅಂತ ಕೇಳಿ. ‘ಸ್ಟ್ರಿಂಗ್’ ಅನ್ನುತ್ತೆ, ಅಂದರೆ ಅಕ್ಷರಗಳ ಸಾಲು. ನಂಬರ್ ಆಗಿ ಬದಲಾಯಿಸಿಕೊಂಡು ಕೂಡಿಸಿದರೆ 65. ಡೇಟಾ ಟೈಪ್ ಪಾಠ ಇಷ್ಟೇ.

ಉಳಿದಿದ್ದೂ ಹೀಗೇ ಬರುತ್ತೆ. ಸೀಸನ್‌ನಲ್ಲಿ ಲಾಟ್ ಜಾಸ್ತಿಯಾದರೆ ಒಂದೊಂದಕ್ಕೂ ಖಾನೆ ಮಾಡ್ತಾ ಕೂರೋಕಾಗಲ್ಲ, ಎಲ್ಲವನ್ನೂ ಒಂದೇ ಪಟ್ಟಿಯಲ್ಲಿಡುವ ಅರೇ, ಪಟ್ಟಿಯ ಒಂದೊಂದಕ್ಕೂ ಅದೇ ಕೆಲಸ ಮಾಡಿಸುವ ಲೂಪ್ ಬೇಕಾಗುತ್ತೆ. ಒಂದೇ ಲೆಕ್ಕ ಎರಡು ಕಡೆ ಬರೆದಿದ್ದೀರಾ? ಒಮ್ಮೆ ಬರೆದು ಹೆಸರಿಟ್ಟು, ಬೇಕಾದ ಕಡೆ ಕರೆಯಿರಿ. ಅದೇ ಫಂಕ್ಷನ್.

ಪುಟ ರಿಫ್ರೆಶ್ ಮಾಡಿದರೆ ಎಲ್ಲ ಅಳಿಸಿಹೋಗುತ್ತೆ. ಲೋಕಲ್ ಸ್ಟೋರೇಜ್‌ನಲ್ಲಿ, ಅಂದರೆ ಬ್ರೌಸರ್‌ನ ಸ್ವಂತ ಉಗ್ರಾಣದಲ್ಲಿ ಇಡಿ. ಅಲ್ಲೂ ಅಕ್ಷರಗಳ ಸಾಲು ಮಾತ್ರ ಉಳಿಯುತ್ತೆ. ಅರೇಯನ್ನು ಜೇಸನ್ (ಡೇಟಾವನ್ನು ಅಕ್ಷರಗಳಲ್ಲಿ ಬರೆಯುವ ಒಂದು ರೀತಿ) ಮಾಡಿ ಇಟ್ಟು, ತೆಗೆಯುವಾಗ ವಾಪಸ್ ಅರೇ ಮಾಡಿಕೊಳ್ಳಬೇಕು. ಅದೇ ಪುಟವನ್ನು ಅಪ್ಪನ ಮೊಬೈಲಲ್ಲಿ ತೆರೆದರೆ ಲೆಕ್ಕ ಕಾಣಲ್ಲ, ಯಾಕೆಂದರೆ ಅದು ನಿಮ್ಮ ಬ್ರೌಸರ್‌ನಲ್ಲೇ ಕೂತಿದೆ. ಸರ್ವರ್, ಡೇಟಾಬೇಸ್ ಯಾಕೆ ಬೇಕು ಅಂತ ಆಗ ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ರಿಯಾಕ್ಟ್. ಒಂದು ಲಾಟ್ ಅಳಿಸಿದರೆ ಪಟ್ಟಿ, ಒಟ್ಟು ಬಾಕ್ಸ್, ಒಟ್ಟು ದುಡ್ಡು ಮೂರನ್ನೂ ನೀವೇ ತಿದ್ದಬೇಕು. ಯಾವುದೋ ಒಂದು ಮರೆತುಹೋಗುತ್ತೆ. ಅದು ತಲೆನೋವು ಅನ್ನಿಸಿದ ದಿನ ರಿಯಾಕ್ಟ್ ತೆರೆಯಿರಿ, ಡೇಟಾ ಬದಲಾದರೆ ಪುಟವನ್ನು ಅದೇ ತಿದ್ದುತ್ತೆ.

ಕೋಡ್ ಇಡುವ ತಾಣ ಗಿಟ್‌ಹಬ್‌ನ ಪೇಜಸ್ ಸೇವೆಯಲ್ಲಿ ಪುಟವನ್ನು ಪುಕ್ಕಟೆ ಇಂಟರ್ನೆಟ್ಟಿಗೆ ಹಾಕಬಹುದು. ಕೋಡ್ ಒಳಗೆ ಮಂಡಿಯವರ ಹೆಸರು, ಫೋನ್ ನಂಬರ್ ಬೇಡ, ಯಾರು ಬೇಕಾದರೂ ನೋಡ್ತಾರೆ.

ಪ್ರಶ್ನೆ: ಲ್ಯಾಪ್‌ಟಾಪ್ ಇಲ್ಲದೆ ಮೊಬೈಲಲ್ಲೇ ಕಲಿಯಬಹುದಾ?
— ಓದುಗರು, ಚಿಂತಾಮಣಿ

ಉತ್ತರ: ಓದಬಹುದು, ಬರೆಯೋದು ಹಿಂಸೆ. ಬ್ರಾಕೆಟ್ ಹುಡುಕೋದರಲ್ಲೇ ಹೊತ್ತು ಹೋಗುತ್ತೆ. ಹಳೇ ಕಂಪ್ಯೂಟರ್ ಸಾಕು, ಬ್ರೌಸರ್ ಮತ್ತು ನೋಟ್‌ಪ್ಯಾಡ್ ಓಡಿದರೆ ಆಯ್ತು. ಸಾಲ ಮಾಡಿ ಹೊಸದು ತರಬೇಡಿ.

ಪ್ರಶ್ನೆ: ನನ್ನ ಫಾರ್ಮ್‌ನಲ್ಲಿ ‘ಕೋಲಾರ’ ಅಂತ ಹಾಕಿದರೆ ಲೆಂತ್ (ಅಕ್ಷರಗಳ ಎಣಿಕೆ) 5 ಬರುತ್ತೆ. ಮೂರಕ್ಷರ ತಾನೇ?
— ಓದುಗರು, ಮುಳಬಾಗಿಲು

ಉತ್ತರ: ನಮಗೆ ಮೂರು. ಕಂಪ್ಯೂಟರ್ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಓತ್ವ, ದೀರ್ಘ ಎಲ್ಲಕ್ಕೂ ಬೇರೆ ಬೇರೆ ಸಂಕೇತ. ಕ, ಅದರ ಓತ್ವ, ಲ, ಅದರ ದೀರ್ಘ, ರ, ಹೀಗೆ ಐದು. ಕಣ್ಣಿಗೆ ಕಂಡಂತೆ ಎಣಿಸಬೇಕಾದರೆ ಜಾವಾಸ್ಕ್ರಿಪ್ಟಿನಲ್ಲೇ ಇರುವ ಇಂಟ್ಲ್ ಸೆಗ್ಮೆಂಟರ್ ಬಳಸಿ. ಅಂದಹಾಗೆ, ಹೆಸರಿಗೆ ‘ಹತ್ತೇ ಅಕ್ಷರ’ ಅಂತ ಮಿತಿ ಹಾಕಿದ್ದರೆ ಮೊದಲು ಅದನ್ನು ತೆಗೆಯಿರಿ. ನಮ್ಮ ಕಡೆಯ ವೆಂಕಟರಮಣಪ್ಪ, ನಾರಾಯಣಸ್ವಾಮಿ ಯಾರೂ ಅದರಲ್ಲಿ ಹಿಡಿಸಲ್ಲ.