ಹಳೆಯ ಮನೆಯ ಕಲ್ಲಿನ ಬೇಸ್‌ಮೆಂಟ್‌ ಮುಚ್ಚದೆ ಕೋಣೆ ಮಾಡುವುದು ಹೇಗೆ?

ಬಾಸ್ಟನ್ ಸಮೀಪ 1912ರಲ್ಲಿ ಕಟ್ಟಿದ ಮನೆ ಕೊಂಡಿದ್ದೀರಿ. ಬೇಸ್‌ಮೆಂಟ್‌ನ ಕಾಡುಗಲ್ಲಿನ ಗೋಡೆಗಳನ್ನು ಮರೆಮಾಡದೆ ಕೂರುವ ಕೋಣೆ ಮಾಡಬಹುದೇ ಎಂದು ಕೇಳಿದ್ದೀರಿ. ಖಂಡಿತ ಮಾಡಬಹುದು. ನಮ್ಮ ಮನೆಯೂ ಅದೇ ಸೀಮೆಯದು, ಅದೇ ಕಾಲದ್ದು.

ಗುತ್ತಿಗೆದಾರರೊಬ್ಬರ ಮಾತು ಕೇಳಿ ನಾವು ಮೊದಲು ಉತ್ತರದ ಗೋಡೆಗೆ ಪ್ಲಾಸ್ಟಿಕ್ ಹಾಳೆ, ಚಳಿ ತಡೆಯುವ ಫೈಬರ್‌ಗ್ಲಾಸ್, ಅದರ ಮುಂದೆ ಜಿಪ್ಸಮ್ ಹಲಗೆ ಹಾಕಿಸಿದೆವು. ಮರುವರ್ಷ ಜುಲೈನಲ್ಲಿ ಮುಗ್ಗಲು ವಾಸನೆ. ಬಿಚ್ಚಿದರೆ ಹಲಗೆಯ ಬೆನ್ನೆಲ್ಲ ಕಪ್ಪು ಬೂಷ್ಟು. ಆ ಕಲ್ಲುಗಳನ್ನು ಹಿಡಿದಿರುವುದು ಸುಣ್ಣದ ಗಾರೆ. ಮಣ್ಣಿನ ತೇವ ಗಾರೆಗೆ ಇಳಿದು ಮನೆಯೊಳಗಿನ ಗಾಳಿಗೆ ಆರುತ್ತದೆ. ನಾವು ಆ ದಾರಿಯನ್ನೇ ಮುಚ್ಚಿದ್ದೆವು. ಸಂದುಗಳಿಗೆ ಸಿಮೆಂಟು ಮೆತ್ತಿದರೂ ಇದೇ ಗತಿ, ಹಿಂದೆ ಸಿಕ್ಕಿಬಿದ್ದ ತೇವ ಹಳೆಯ ಗಾರೆಯನ್ನು ಪುಡಿಮಾಡುತ್ತದೆ. ಊರಿನಲ್ಲಿ ಅಜ್ಜಿ ವರ್ಷವರ್ಷವೂ ಗೋಡೆಗೆ ಸುಣ್ಣ ಬಳಿಸುತ್ತಿದ್ದುದು ಚೆಂದಕ್ಕಷ್ಟೇ ಅಲ್ಲ ಎಂದು ನನಗೆ ತಿಳಿದದ್ದು ಮ್ಯಾಸಚೂಸೆಟ್ಸ್‌ನ ಈ ನೆಲದಡಿಯಲ್ಲಿ.

ಆದ್ದರಿಂದ ಒಳಗೆ ಕೈಹಚ್ಚುವ ಮೊದಲು ಹೊರಗಿನ ನೀರನ್ನು ತಿರುಗಿಸಿ. ಸೂರಿನ ನೀರು ಗೋಡೆಯಿಂದ 6 ಅಡಿಯಾದರೂ ದೂರ ಹೋಗಿ ಬೀಳಲಿ. ಮನೆಯ ಸುತ್ತಲ ಮಣ್ಣು ಮೊದಲ 10 ಅಡಿಗಳಲ್ಲಿ 6 ಇಂಚು ಇಳಿಜಾರಾಗಿರಲಿ. ಆಮೇಲೆ ಒಂದು ವಸಂತ ಕಾಯಿರಿ. ಹಿಮ ಕರಗಿ ಮಳೆಯೂ ಸೇರುವ ಆ ದಿನಗಳಲ್ಲಿ ಗೋಡೆ ತನ್ನ ನಿಜ ಗುಣ ತೋರಿಸುತ್ತದೆ. ನೀರು ಒಸರದೆ ಬರೀ ತೇವವಿದ್ದರೆ ಗಾಳಿಯ ತೇವ ಹೀರುವ ಯಂತ್ರ, ಡಿಹ್ಯೂಮಿಡಿಫೈಯರ್, ಸಾಕು. ಈ ನಡುವೆ ರೇಡಾನ್ ಪರೀಕ್ಷೆ ಮಾಡಿಸಿ. ಅದು ಮಣ್ಣಿನಿಂದ ಮನೆಯೊಳಗೆ ಸೇರುವ, ಕಣ್ಣಿಗೆ ಕಾಣದ ವಿಕಿರಣಶೀಲ ಅನಿಲ. ಲೀಟರ್ ಗಾಳಿಗೆ 4 ಪಿಕೊಕ್ಯೂರಿ (ವಿಕಿರಣದ ಅಳತೆ) ಮುಟ್ಟಿದ್ದರೆ ಅದರ ಪರಿಹಾರವೇ ಮೊದಲ ಕೆಲಸ. 9 ಇಂಚು ಚೌಕದ ಹಳೆಯ ನೆಲದ ಬಿಲ್ಲೆಗಳು, ಕೊಳವೆಗಳ ಬಿಳಿ ಹೊದಿಕೆ ಕಂಡರೆ ದಯವಿಟ್ಟು ಕೀಳಬೇಡಿ. ಅವುಗಳಲ್ಲಿ ಪುಡಿ ಉಸಿರಿಗೆ ಸೇರಿದರೆ ಶ್ವಾಸಕೋಶ ಕೆಡಿಸುವ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಪರೀಕ್ಷೆಗೆ ಕೊಡಿ.

ನಾವು ಕೊನೆಗೆ ಸಡಿಲ ಗಾರೆಯನ್ನು ಕೈಯಿಂದಲೇ ಕೆರೆದು ಹೊಸ ಸುಣ್ಣದ ಗಾರೆ ತುಂಬಿಸಿ, ಮೇಲೆ ಎರಡು ಕೈ ಸುಣ್ಣ ಬಳಿದೆವು. ಮೇಲ್ಗಡೆಯ ತೊಲೆಗಳಿಗೆ ಹಲಗೆ ಹೊಡೆಸಲಿಲ್ಲ. ನೂರು ವರ್ಷ ಹಿಂದಿನ ಗರಗಸದ ಗುರುತುಗಳು ಅವುಗಳ ಮೈಮೇಲೆ ಇನ್ನೂ ಇವೆ. ಅವನ್ನು ಮುಚ್ಚಲು ನನಗೆ ಮನಸ್ಸಾಗಲಿಲ್ಲ. ಕಪಾಟು, ಪುಸ್ತಕದ ಗೂಡು ಎಲ್ಲವೂ ಕಲ್ಲಿನಿಂದ ನಾಲ್ಕು ಇಂಚು ದೂರ ನಿಂತಿವೆ.

ಒಂದು ನಷ್ಟವಿದೆ. ಉಷ್ಣ ತಡೆಯುವ ಪದರವಿಲ್ಲದ ಕಲ್ಲು ಜನವರಿಯಲ್ಲಿ ತಣ್ಣಗೇ ಇರುತ್ತದೆ, ನಾವು ಶಾಲು ಹೊದ್ದು ಕೂರುತ್ತೇವೆ. ಅದಕ್ಕೆ ನೀವು ಒಪ್ಪುವುದಾದರೆ ಮಾತ್ರ ನಮ್ಮ ದಾರಿ ಹಿಡಿಯಿರಿ. ಅಲ್ಲಿ ಯಾರಾದರೂ ಮಲಗುವುದಿದ್ದರೆ ಬೆಂಕಿ ಬಿದ್ದಾಗ ಹೊರಗೆ ಹತ್ತಿ ಹೋಗುವಷ್ಟು ದೊಡ್ಡ ಕಿಟಕಿ ಬೇಕು. ಅಳತೆ ಎಷ್ಟೆಂದು ನಿಮ್ಮ ಪಟ್ಟಣದ ಕಟ್ಟಡ ಕಚೇರಿಯಲ್ಲಿ ಕೇಳಿಯೇ ಕಲ್ಲಿಗೆ ಉಳಿ ಇಡಿಸಿ.