ನವ್ರಾಟಿಲೋವಾ: 18 ಮತ್ತು 59ರ ಲೆಕ್ಕ

ಮಾನ್ಯ ಓದುಗರೆ,

ಮಹಿಳಾ ಟೆನಿಸ್ ಕುರಿತು ನಮ್ಮ ಹಿಂದಿನ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ತಾವು ಬರೆದ ಪತ್ರ ಕೈಸೇರಿದೆ. ಅದರಲ್ಲಿ ಎರಡು ಆಕ್ಷೇಪಗಳಿವೆ. ಮಾರ್ಟಿನಾ ನವ್ರಾಟಿಲೋವಾ 1984ರಲ್ಲಿ ಸಿಂಗಲ್ಸ್ ಗ್ರ್ಯಾಂಡ್‌ಸ್ಲಾಮ್ (ಒಂದೇ ವರ್ಷದಲ್ಲಿ ನಾಲ್ಕೂ ದೊಡ್ಡ ಟೂರ್ನಿಗಳನ್ನು ಗೆಲ್ಲುವುದು) ಪೂರೈಸಿದರೆಂದು ನಾವು ಅಚ್ಚು ಹಾಕಿದ್ದು ತಪ್ಪು ಎಂಬುದು ಮೊದಲನೆಯದು. ಸಿಂಗಲ್ಸ್‌ನಲ್ಲಿ 18 ಗ್ರ್ಯಾಂಡ್‌ಸ್ಲಾಮ್ ಪ್ರಶಸ್ತಿ ಗೆದ್ದ ಅವರನ್ನು, 24 ಗೆದ್ದ ಮಾರ್ಗರೆಟ್ ಕೋರ್ಟ್, 23 ಗೆದ್ದ ಸೆರೆನಾ ವಿಲಿಯಮ್ಸ್ ಮತ್ತು 22 ಗೆದ್ದ ಸ್ಟೆಫಿ ಗ್ರಾಫ್ ಅವರ ಸಾಲಿನಲ್ಲಿ ನಿಲ್ಲಿಸಿದ್ದಲ್ಲದೆ, ಇಷ್ಟು ವಿಸ್ತಾರವಾದ ದಾಖಲೆ ಬೇರೆ ಯಾರದೂ ಇಲ್ಲವೆಂದು ಬರೆದದ್ದು, ಡಬಲ್ಸ್ ಪ್ರಶಸ್ತಿಗಳನ್ನು ಒಟ್ಟಿಗೆ ಕೂಡಿಸಿ 59 ಎಂಬ ದೊಡ್ಡ ಸಂಖ್ಯೆ ತೋರಿಸಿದ ಜಾಣ್ಮೆಯೇ ಹೊರತು ಬೇರೇನಲ್ಲ ಎಂಬುದು ಎರಡನೆಯದು.

ಮೊದಲ ಆಕ್ಷೇಪವನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಲೇಖನವನ್ನು ಓದಿ ಅಚ್ಚಿಗೆ ಒಪ್ಪಿಗೆ ಕೊಟ್ಟದ್ದು ನಾನೇ ಆದ್ದರಿಂದ ತಪ್ಪಿನ ಹೊಣೆಯೂ ನನ್ನದೇ, ಕ್ಷಮೆ ಕೋರುತ್ತೇನೆ. ಒಂದೇ ಕ್ಯಾಲೆಂಡರ್ ವರ್ಷದಲ್ಲಿ ನಾಲ್ಕೂ ಸಿಂಗಲ್ಸ್ ಪ್ರಶಸ್ತಿಗಳನ್ನು ಗೆದ್ದ ಮಹಿಳೆಯರು ಮೂವರೇ: 1953ರಲ್ಲಿ ಮೌರೀನ್ ಕಾನಲಿ, 1970ರಲ್ಲಿ ಕೋರ್ಟ್, 1988ರಲ್ಲಿ ಗ್ರಾಫ್. ನವ್ರಾಟಿಲೋವಾ ಅವರ ಹೆಸರು ಆ ಪಟ್ಟಿಯಲ್ಲಿಲ್ಲ.

ಆದರೆ ನಮ್ಮ ಲೇಖಕರು ಎಲ್ಲಿ ಎಡವಿದರೆಂಬುದನ್ನು ಹೇಳಬೇಕು, ಏಕೆಂದರೆ ಆ ಎರಡು ವರ್ಷಗಳ ಕಥೆಯನ್ನು ಸರಿಯಾಗಿ ಹೇಳದೆ ಈ ಆಟಗಾರ್ತಿಯ ದಾಖಲೆ ಅರ್ಥವಾಗುವುದಿಲ್ಲ. ಆ ಕಾಲದಲ್ಲಿ ಆಸ್ಟ್ರೇಲಿಯಾ ಓಪನ್ ಈಗಿನಂತೆ ಜನವರಿಯಲ್ಲಿ ವರ್ಷದ ಮೊದಲ ದೊಡ್ಡ ಟೂರ್ನಿಯಾಗಿರದೆ, ಡಿಸೆಂಬರಿನಲ್ಲಿ ಮುಗಿಯುವ ಕೊನೆಯ ಟೂರ್ನಿಯಾಗಿತ್ತು. 1983ರಲ್ಲಿ ವಿಂಬಲ್ಡನ್, ಅಮೆರಿಕ ಓಪನ್ ಮತ್ತು ಆಸ್ಟ್ರೇಲಿಯಾ ಓಪನ್ ಗೆದ್ದ ನವ್ರಾಟಿಲೋವಾ, 1984ರ ಜೂನ್‌ನಲ್ಲಿ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಕ್ರಿಸ್ ಎವರ್ಟ್ ಅವರನ್ನು 6-3, 6-1ರಿಂದ ಸೋಲಿಸಿದಾಗ ನಾಲ್ಕೂ ಪ್ರಶಸ್ತಿಗಳು ಏಕಕಾಲಕ್ಕೆ ಅವರ ಕೈಯಲ್ಲಿದ್ದವು. ಹಾಗೆ ನಾಲ್ಕನ್ನೂ ಒಟ್ಟಿಗೆ ಹಿಡಿದವರಿಗೆ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ಇಟ್ಟಿದ್ದ ಹತ್ತು ಲಕ್ಷ ಡಾಲರ್ ಬಹುಮಾನವೂ ಅವರಿಗೆ ಸಂದಿತು. ಗ್ರ್ಯಾಂಡ್‌ಸ್ಲಾಮ್ ಎಂಬ ಮಾತು ಆಗ ಎಲ್ಲೆಡೆ ಕೇಳಿಬಂದದ್ದು ಇದೇ ಕಾರಣಕ್ಕೆ, ನಮ್ಮ ಲೇಖಕರು ದಾರಿ ತಪ್ಪಿದ್ದೂ ಇಲ್ಲಿಯೇ. ಅದೇ ವರ್ಷದ ವಿಂಬಲ್ಡನ್ ಮತ್ತು ಅಮೆರಿಕ ಓಪನ್ ಕೂಡ ಅವರ ಪಾಲಾದವು. ಸತತ ಆರು ಗ್ರ್ಯಾಂಡ್‌ಸ್ಲಾಮ್ ಟೂರ್ನಿಗಳು, ಒಂದರ ಹಿಂದೆ ಒಂದು. ಕ್ಯಾಲೆಂಡರ್ ವರ್ಷದ ಲೆಕ್ಕಕ್ಕೆ ಉಳಿದಿದ್ದುದು ಡಿಸೆಂಬರಿನ ಮೆಲ್ಬರ್ನ್ ಮಾತ್ರ. ಅಲ್ಲಿ ಸೆಮಿಫೈನಲ್‌ನಲ್ಲಿ 19 ವರ್ಷದ ಹೆಲೆನಾ ಸುಕೋವಾ, ಮೊದಲ ಸೆಟ್ಟನ್ನು 1-6ರಿಂದ ಕಳೆದುಕೊಂಡ ಮೇಲೆ, ಮುಂದಿನ ಎರಡನ್ನು 6-3, 7-5ರಿಂದ ಗೆದ್ದರು. ಸತತ 74 ಪಂದ್ಯಗಳ ಗೆಲುವಿನ ಓಟ ಅಂದು ನಿಂತಿತು.

ಅದೇ ಮೆಲ್ಬರ್ನ್‌ನಲ್ಲಿ, ಅದೇ ಟೂರ್ನಿಯಲ್ಲಿ, ನವ್ರಾಟಿಲೋವಾ ಮತ್ತು ಪ್ಯಾಮ್ ಶ್ರೈವರ್ ಡಬಲ್ಸ್ ಪ್ರಶಸ್ತಿ ಗೆದ್ದು 1984ರ ನಾಲ್ಕೂ ಗ್ರ್ಯಾಂಡ್‌ಸ್ಲಾಮ್ ಡಬಲ್ಸ್ ಪ್ರಶಸ್ತಿಗಳನ್ನು ಪೂರೈಸಿದರು. ಒಂದೇ ಮಹಿಳಾ ಜೋಡಿ ಒಂದೇ ವರ್ಷದಲ್ಲಿ ನಾಲ್ಕನ್ನೂ ಗೆದ್ದದ್ದು ಅದೊಂದೇ ಸಲ. 1960ರಲ್ಲಿ ಮರಿಯಾ ಬ್ಯುಯೆನೊ ಮತ್ತು 1998ರಲ್ಲಿ ಮಾರ್ಟಿನಾ ಹಿಂಗಿಸ್ ಕೂಡ ನಾಲ್ಕನ್ನೂ ಗೆದ್ದರಾದರೂ ಇಬ್ಬರು ಬೇರೆ ಬೇರೆ ಜೊತೆಗಾರ್ತಿಯರೊಂದಿಗೆ. ಅಂದರೆ 1984ರ ಗ್ರ್ಯಾಂಡ್‌ಸ್ಲಾಮ್ ಎಂಬುದು ಸಿಂಗಲ್ಸ್‌ಗೆ ಸುಳ್ಳು, ಡಬಲ್ಸ್‌ಗೆ ನಿಜ. ತಮ್ಮ ಎರಡನೆಯ ಆಕ್ಷೇಪಕ್ಕೆ ನಾನು ಇಲ್ಲಿಂದಲೇ ಉತ್ತರ ಆರಂಭಿಸುತ್ತೇನೆ, ಏಕೆಂದರೆ ಸಿಂಗಲ್ಸ್‌ನ ಸಾಲನ್ನು ಮಾತ್ರ ಓದಿದವರಿಗೆ ಆ ಡಿಸೆಂಬರ್ ಒಂದು ಸೋಲಿನ ತಿಂಗಳಾಗಿಯಷ್ಟೇ ಕಾಣುತ್ತದೆ.

ಡಬಲ್ಸ್ ಪ್ರಶಸ್ತಿಯನ್ನು ಸಿಂಗಲ್ಸ್ ಪ್ರಶಸ್ತಿಗೆ ಸಮ ಎಂದು ನಾನು ಹೇಳುತ್ತಿಲ್ಲ. ಸಿಂಗಲ್ಸ್‌ನ 18, ಡಬಲ್ಸ್‌ನ 31 ಮತ್ತು ಮಿಶ್ರ ಡಬಲ್ಸ್‌ನ 10 ಎಂಬ ಮೂರು ಸಂಖ್ಯೆಗಳನ್ನು ಕೂಡಿಸಿ 59 ಎಂದು ಬರೆದು, ಅದನ್ನು ಸೆರೆನಾ ಅವರ 23ರ ಎದುರು ಇಟ್ಟರೆ ಅದು ಅನ್ಯಾಯವೇ. ಹೋಲಿಸುವುದಾದರೆ ಸೆರೆನಾ ಅವರು ಅಕ್ಕ ವೀನಸ್ ಜೊತೆ ಗೆದ್ದ 14 ಡಬಲ್ಸ್ ಪ್ರಶಸ್ತಿಗಳನ್ನೂ 2 ಮಿಶ್ರ ಡಬಲ್ಸ್ ಪ್ರಶಸ್ತಿಗಳನ್ನೂ ಸೇರಿಸಿ 39 ಎನ್ನಬೇಕು. ನಮ್ಮ ಲೇಖನ ಹಾಗೆ ಮಾಡಲಿಲ್ಲ. ಆ ಮಟ್ಟಿಗೆ ತಮ್ಮ ದೂರು ನ್ಯಾಯವಾದದ್ದು. ಆದರೆ ಡಬಲ್ಸ್ ಎಂದರೆ ಸಿಂಗಲ್ಸ್‌ನಲ್ಲಿ ಗೆಲ್ಲಲಾಗದವರ ಆಟ ಎಂಬ ಧ್ವನಿ ತಮ್ಮ ಪತ್ರದಲ್ಲಿದೆ. ನವ್ರಾಟಿಲೋವಾ ಅವರ ಕಾಲಕ್ಕೆ ಆ ಮಾತು ಸಲ್ಲದು. ಸಿಂಗಲ್ಸ್‌ನ ಅತಿ ಶ್ರೇಷ್ಠರೇ ಡಬಲ್ಸ್ ಆಡುತ್ತಿದ್ದ ದಿನಗಳವು. 1975ರ ಫ್ರೆಂಚ್ ಓಪನ್ ಮತ್ತು 1976ರ ವಿಂಬಲ್ಡನ್ ಡಬಲ್ಸ್ ಪ್ರಶಸ್ತಿಗಳನ್ನು ನವ್ರಾಟಿಲೋವಾ ಗೆದ್ದದ್ದು ಮುಂದೆ ತಮ್ಮ ಅತಿ ದೊಡ್ಡ ಎದುರಾಳಿಯಾದ ಎವರ್ಟ್ ಅವರ ಜೊತೆಯಲ್ಲಿ. 1979ರಲ್ಲಿ ಬಿಲ್ಲಿ ಜೀನ್ ಕಿಂಗ್ ವಿಂಬಲ್ಡನ್‌ನ ತಮ್ಮ 20ನೇ ಪ್ರಶಸ್ತಿ ಗೆದ್ದಾಗ ಅಂಕಣದಲ್ಲಿ ಪಕ್ಕದಲ್ಲಿದ್ದವರು ನವ್ರಾಟಿಲೋವಾ. 24 ವರ್ಷಗಳ ನಂತರ, 2003ರಲ್ಲಿ, ಲಿಯಾಂಡರ್ ಪೇಸ್ ಜೊತೆ ಮಿಶ್ರ ಡಬಲ್ಸ್ ಗೆದ್ದು ಆ 20ರ ದಾಖಲೆಯನ್ನು ಸರಿಗಟ್ಟಿದವರೂ ಅವರೇ.

ಶ್ರೈವರ್ ಜೊತೆಗಿನ ಜೋಡಿಯ ಲೆಕ್ಕವನ್ನಂತೂ ಎಷ್ಟು ಸಲ ನೋಡಿದರೂ ನನಗೆ ಅಚ್ಚರಿ ಕಡಿಮೆಯಾಗಿಲ್ಲ. ಇಬ್ಬರೂ ಸೇರಿ 20 ಗ್ರ್ಯಾಂಡ್‌ಸ್ಲಾಮ್ ಡಬಲ್ಸ್ ಪ್ರಶಸ್ತಿ ಗೆದ್ದರು. 1983ರಿಂದ 1985ರ ವಿಂಬಲ್ಡನ್ ಫೈನಲ್‌ವರೆಗೆ ಸತತ 109 ಪಂದ್ಯಗಳಲ್ಲಿ ಸೋಲಲಿಲ್ಲ. ಈ ಓಟ ನಡೆದದ್ದು ನವ್ರಾಟಿಲೋವಾ ಸಿಂಗಲ್ಸ್‌ನಲ್ಲಿಯೂ ಅಜೇಯರೆನಿಸಿಕೊಂಡಿದ್ದ ವರ್ಷಗಳಲ್ಲಿಯೇ. ಒಂದು ಆಟಕ್ಕೆ ಬಿಡುವು ಕೊಟ್ಟು ಇನ್ನೊಂದರಲ್ಲಿ ಗೆದ್ದದ್ದಲ್ಲ, ಬೆಳಿಗ್ಗೆ ಒಂದು, ಸಂಜೆ ಒಂದು ಎಂಬಂತೆ ಎರಡನ್ನೂ ಒಟ್ಟಿಗೆ ನಡೆಸಿದ್ದು. ಸಿಂಗಲ್ಸ್ ರ‍್ಯಾಂಕಿಂಗ್‌ನಲ್ಲಿ 332 ವಾರ, ಡಬಲ್ಸ್ ರ‍್ಯಾಂಕಿಂಗ್‌ನಲ್ಲಿ 237 ವಾರ ಅಗ್ರಸ್ಥಾನದಲ್ಲಿದ್ದರು. ಎರಡರಲ್ಲಿಯೂ 200 ವಾರ ದಾಟಿದವರು ಅವರೊಬ್ಬರೇ. ದೊಡ್ಡ ಟೂರ್ನಿಗಳು ವೃತ್ತಿಪರರಿಗೂ ತೆರೆದುಕೊಂಡ 1968ರ ನಂತರದ ಓಪನ್ ಯುಗದಲ್ಲಿ ಸಿಂಗಲ್ಸ್‌ನ 167 ಪ್ರಶಸ್ತಿಗಳೂ ಡಬಲ್ಸ್‌ನ 177 ಪ್ರಶಸ್ತಿಗಳೂ ಅವರವು, ಪುರುಷರನ್ನು ಸೇರಿಸಿ ನೋಡಿದರೂ ಸಿಂಗಲ್ಸ್‌ನಲ್ಲಿ ಅಷ್ಟು ಗೆದ್ದವರಿಲ್ಲ. ನಾವು ವಿಸ್ತಾರ ಎಂದದ್ದು ಇದನ್ನು. ಗ್ರಾಫ್ ಅವರದು 377 ವಾರಗಳ ಅಗ್ರಸ್ಥಾನ, ಸಿಂಗಲ್ಸ್‌ನಲ್ಲಿ ಅವರು ಮೇಲು ಎಂದು ತಾವು ವಾದಿಸಿದರೆ ನಾನು ವಿರೋಧಿಸುವುದಿಲ್ಲ. ಆದರೆ ಗ್ರಾಫ್ ಗೆದ್ದ ಗ್ರ್ಯಾಂಡ್‌ಸ್ಲಾಮ್ ಡಬಲ್ಸ್ ಪ್ರಶಸ್ತಿ ಒಂದೇ ಒಂದು.

ಇನ್ನು 18 ಎಂಬ ಸಂಖ್ಯೆಯ ಮಾತು. ಎಲ್ಲ ನಾಲ್ಕು ಟೂರ್ನಿಗಳನ್ನೂ ಪ್ರತಿ ವರ್ಷ ತಪ್ಪದೆ ಆಡುವುದು, ಕೊನೆಯಲ್ಲಿ ಅವುಗಳ ಸಂಖ್ಯೆಯಿಂದಲೇ ಆಟಗಾರ್ತಿಯ ಎತ್ತರ ಅಳೆಯುವುದು ಇಂದಿನ ರೂಢಿ. 1970ರ ದಶಕದಲ್ಲಿ ಹಾಗಿರಲಿಲ್ಲ. ದೂರ ಮತ್ತು ವರ್ಷಾಂತ್ಯದ ದಿನಾಂಕಗಳ ಕಾರಣ ಆಸ್ಟ್ರೇಲಿಯಾಕ್ಕೆ ಹೋಗದವರೇ ಹೆಚ್ಚು. 1976ರಿಂದ 1978ರವರೆಗೆ ಎವರ್ಟ್ ಮತ್ತು ನವ್ರಾಟಿಲೋವಾ ಇಬ್ಬರೂ ಫ್ರೆಂಚ್ ಓಪನ್ ಆಡಲಿಲ್ಲ. ಅದೇ ತಿಂಗಳುಗಳಲ್ಲಿ ಅಮೆರಿಕದಲ್ಲಿ ನಡೆಯುತ್ತಿದ್ದ ವರ್ಲ್ಡ್ ಟೀಮ್ ಟೆನಿಸ್ ತಂಡಗಳಲ್ಲಿ ಆಡುತ್ತಿದ್ದರು. ಇದರಿಂದ ಹೆಚ್ಚು ನಷ್ಟವಾದದ್ದು ಮಣ್ಣಿನ ಅಂಕಣದ ರಾಣಿ ಎವರ್ಟ್ ಅವರಿಗೇ ಎಂದು ನ್ಯಾಯವಾಗಿ ಹೇಳಬೇಕು. 1974 ಮತ್ತು 1975ರಲ್ಲಿ ಅಲ್ಲಿ ಗೆದ್ದು, ಮೂರು ವರ್ಷ ಬಿಟ್ಟು, 1979 ಮತ್ತು 1980ರಲ್ಲಿ ಮತ್ತೆ ಗೆದ್ದವರು ಅವರು. 1986ರಲ್ಲಿ ದಿನಾಂಕವನ್ನು ಡಿಸೆಂಬರಿನಿಂದ ಜನವರಿಗೆ ಸರಿಸಿದ ಕಾರಣ ಆಸ್ಟ್ರೇಲಿಯಾ ಓಪನ್ ನಡೆಯಲೇ ಇಲ್ಲ; ಉಳಿದ ಮೂರರಲ್ಲಿ ಎರಡನ್ನು ನವ್ರಾಟಿಲೋವಾ ಗೆದ್ದು, ಮೂರನೆಯದರ ಫೈನಲ್ ತಲುಪಿದ ವರ್ಷವದು. ಹೀಗೆ ಆಡದ ಟೂರ್ನಿಗಳನ್ನು ಗೆದ್ದಂತೆ ಲೆಕ್ಕ ಹಿಡಿಯಬೇಕೆಂದು ನಾನು ಕೇಳುವುದಿಲ್ಲ. ಒಂದು ಕಾಲದ ಅಳತೆಗೋಲನ್ನು ಇನ್ನೊಂದು ಕಾಲದ ಮೇಲಿಟ್ಟು 18 ಸಣ್ಣದು, 23 ದೊಡ್ಡದು ಎಂದು ಅಷ್ಟಕ್ಕೇ ಪುಟ ಮುಚ್ಚಬಾರದೆಂದು ಕೇಳುತ್ತೇನೆ. ಇದೇ ಮಾತು ಕೋರ್ಟ್ ಅವರ 24ಕ್ಕೂ ಅನ್ವಯಿಸುತ್ತದೆ: ಅದರಲ್ಲಿ 13 ಓಪನ್ ಯುಗಕ್ಕೆ ಮೊದಲಿನವು, 11 ತಮ್ಮ ದೇಶದ ಟೂರ್ನಿಯಲ್ಲಿ ಬಂದವು. ಹಾಗೆಂದು ಅವರ ದಾಖಲೆಯನ್ನು ಕುಗ್ಗಿಸಲೂ ಆಗದು, ಏಕೆಂದರೆ ಸಿಂಗಲ್ಸ್, ಡಬಲ್ಸ್, ಮಿಶ್ರ ಡಬಲ್ಸ್ ಸೇರಿ ಕೋರ್ಟ್ ಗೆದ್ದದ್ದು 64. ನಮ್ಮ ಲೇಖನ 59ನ್ನು ಎತ್ತಿ ತೋರಿಸಿ 64ನ್ನು ಬಿಟ್ಟದ್ದು ಸರಿಯಲ್ಲ.

ಗೆಲುವಿನ ಶೇಕಡಾವಾರಿನಲ್ಲಿಯೂ ನವ್ರಾಟಿಲೋವಾ ಹಿಂದಿದ್ದಾರೆ ಎಂದು ತಾವು ಬರೆದಿದ್ದೀರಿ. ನಿಜ. ಅವರ ಸಿಂಗಲ್ಸ್ ಲೆಕ್ಕ 1,442 ಗೆಲುವು, 219 ಸೋಲು, ಶೇ 87ರ ಆಸುಪಾಸು. ಎವರ್ಟ್ ಅವರದು 1,309 ಮತ್ತು 146, ಶೇ 90ರಷ್ಟು. ಆದರೆ ಸೋಲುಗಳು ಎಲ್ಲಿ ಕುಳಿತಿವೆ ಎಂಬುದನ್ನೂ ನೋಡಬೇಕು. 1975ರ ಸೆಪ್ಟೆಂಬರ್‌ನಲ್ಲಿ, ಅಮೆರಿಕ ಓಪನ್ ಸೆಮಿಫೈನಲ್‌ನಲ್ಲಿ ಎವರ್ಟ್ ಅವರಿಗೆ ಸೋತ ಮೇಲೆ, 18 ವರ್ಷದ ಈ ಹುಡುಗಿ ಚೆಕೊಸ್ಲೊವಾಕಿಯಾಕ್ಕೆ ಮರಳದೆ ಅಮೆರಿಕದಲ್ಲಿ ಆಶ್ರಯ ಕೇಳಿದರು. ಪೌರತ್ವ ಸಿಕ್ಕಿದ್ದು 1981ರಲ್ಲಿ. ಮನೆಯವರಿಂದ ದೂರವಾಗಿ ಕಳೆದ ಆ ಮೊದಲ ವರ್ಷಗಳ ಏರುಪೇರು ದಾಖಲೆಯಲ್ಲಿ ಸ್ಪಷ್ಟವಾಗಿಯೇ ಕಾಣುತ್ತದೆ. ಇನ್ನೊಂದು ತುದಿಯಲ್ಲಿ, 37ರ ವಯಸ್ಸಿನಲ್ಲಿ, 1994ರ ವಿಂಬಲ್ಡನ್ ಫೈನಲ್ ತಲುಪಿ ಕೊಂಚಿತಾ ಮಾರ್ಟಿನೆಜ್ ಅವರಿಗೆ ಸೋತರು. ನಡುವಿನ ಭಾಗವನ್ನು ನೋಡಿ: 1982ರಿಂದ 1986ರವರೆಗಿನ ಐದು ವರ್ಷಗಳಲ್ಲಿ ಒಟ್ಟು 14 ಸೋಲುಗಳು. 1983ರಲ್ಲಿ 86 ಗೆಲುವು, ಒಂದೇ ಸೋಲು. ಆ ಒಂದು ಸೋಲು ಫ್ರೆಂಚ್ ಓಪನ್ ನಾಲ್ಕನೇ ಸುತ್ತಿನಲ್ಲಿ 17 ವರ್ಷದ ಕ್ಯಾಥಿ ಹೊರ್ವಾತ್ ಅವರಿಂದ ಬಂದದ್ದು. 1984ರಲ್ಲಿ 78 ಗೆಲುವು, ಎರಡು ಸೋಲು.

ಈ ಎತ್ತರ ತಾನಾಗಿ ಬಂದದ್ದಲ್ಲ. 1981ರ ವಸಂತದಲ್ಲಿ ಅಮೀಲಿಯಾ ದ್ವೀಪದ ಮಣ್ಣಿನ ಅಂಕಣದಲ್ಲಿ ಎವರ್ಟ್ ಅವರು ನವ್ರಾಟಿಲೋವಾ ಅವರನ್ನು 6-0, 6-0ರಿಂದ ಸೋಲಿಸಿದ್ದರು. ಆಗಲೇ ಎರಡು ಸಲ ವಿಂಬಲ್ಡನ್ ಗೆದ್ದಿದ್ದ ಆಟಗಾರ್ತಿಗೆ ಒಂದು ಗೇಮ್ ಕೂಡ ಸಿಗಲಿಲ್ಲ. ಅದೇ ವರ್ಷ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ ನ್ಯಾನ್ಸಿ ಲೀಬರ್ಮನ್ ಅವರ ಕಣ್ಗಾವಲಿನಲ್ಲಿ ಓಟ, ತೂಕ, ಆಹಾರಕ್ರಮ ಎಲ್ಲವೂ ಬದಲಾದವು. ಆಟದ ತಂತ್ರವನ್ನು ರೆನೆ ರಿಚರ್ಡ್ಸ್ ತಿದ್ದಿದರು. ಹೊರ್ವಾತ್ ವಿರುದ್ಧದ ಸೋಲಿನ ನಂತರ ತರಬೇತುದಾರರಾಗಿ ಬಂದ ಮೈಕ್ ಎಸ್ಟೆಪ್, ಎಡಗೈಯ ಸರ್ವ್ ಮಾಡಿದೊಡನೆ ನೆಟ್‌ನತ್ತ ನುಗ್ಗುವ ಅವರ ಸಹಜ ಆಟವನ್ನು ಇನ್ನಷ್ಟು ನಿಸ್ಸಂಕೋಚವಾಗಿ ಆಡಿಸಿದರು. ಫಲ ಎವರ್ಟ್ ಎದುರಿನ ಲೆಕ್ಕದಲ್ಲೇ ಕಾಣುತ್ತದೆ: 1982ರ ಕೊನೆಯಿಂದ ಸತತ 13 ಮುಖಾಮುಖಿಗಳಲ್ಲಿ ನವ್ರಾಟಿಲೋವಾ ಗೆದ್ದರು. ಎವರ್ಟ್ ಆ ಸರಣಿಯನ್ನು 1985ರ ಆರಂಭದಲ್ಲಿ ಮುರಿದು, ಅದೇ ವರ್ಷದ ಫ್ರೆಂಚ್ ಫೈನಲ್ಲನ್ನು 6-3, 6-7, 7-5ರಿಂದ ಗೆದ್ದರು. ನನ್ನ ಮಟ್ಟಿಗೆ ಇಬ್ಬರ ದಾಖಲೆಯಲ್ಲಿಯೂ ಅದಕ್ಕಿಂತ ಬೆಲೆಯುಳ್ಳ ಪಂದ್ಯ ಮತ್ತೊಂದಿಲ್ಲ. ಒಟ್ಟು 80 ಪಂದ್ಯಗಳು, ಅದರಲ್ಲಿ 60 ಫೈನಲ್‌ಗಳು; 43 ನವ್ರಾಟಿಲೋವಾ ಅವರಿಗೆ, 37 ಎವರ್ಟ್ ಅವರಿಗೆ. ಮಣ್ಣಿನಲ್ಲಿ ಮಾತ್ರ ಎವರ್ಟ್ 11-3ರಿಂದ ಮುಂದು. ಇಬ್ಬರೂ 18 ಸಿಂಗಲ್ಸ್ ಗ್ರ್ಯಾಂಡ್‌ಸ್ಲಾಮ್‌ಗಳಲ್ಲೇ ನಿಂತರೆಂದರೆ, ಪ್ರತಿಯೊಬ್ಬರ ಸಂಖ್ಯೆಯನ್ನೂ ಇನ್ನೊಬ್ಬರು ತಡೆದು ಹಿಡಿದಿದ್ದರೆಂದೂ ಓದಬೇಕು: ಗ್ರ್ಯಾಂಡ್‌ಸ್ಲಾಮ್ ಫೈನಲ್‌ಗಳಲ್ಲಿಯೇ ಅವರು 14 ಸಲ ಎದುರಾದರು, 10ರಲ್ಲಿ ನವ್ರಾಟಿಲೋವಾ ಗೆದ್ದರು. ಎವರ್ಟ್ ನಿವೃತ್ತರಾದ ಮರುವರ್ಷ, 1990ರಲ್ಲಿ, ಜೀನಾ ಗ್ಯಾರಿಸನ್ ಅವರನ್ನು ಸೋಲಿಸಿ ನವ್ರಾಟಿಲೋವಾ ಒಂಬತ್ತನೆಯ ವಿಂಬಲ್ಡನ್ ಗೆದ್ದು ಹೆಲೆನ್ ವಿಲ್ಸ್ ಮೂಡಿ ಅವರ ಎಂಟರ ದಾಖಲೆಯನ್ನು ದಾಟಿದರು. ಗ್ರಾಫ್ ಅವರ ವಿರುದ್ಧ, ತಮಗಿಂತ 12 ವರ್ಷ ಚಿಕ್ಕವರಾದರೂ, ಲೆಕ್ಕ 9-9ರ ಸಮಬಲ.

ನಿವೃತ್ತಿಯಿಂದ ಮರಳಿ ಬಂದು ಆಡಿದ ವರ್ಷಗಳು ಕೇವಲ ಸಂಖ್ಯೆ ಹೆಚ್ಚಿಸಿದವು ಎಂಬ ತಮ್ಮ ಮಾತಿಗೂ ಉತ್ತರಿಸಬೇಕು. 2003ರ ಆಸ್ಟ್ರೇಲಿಯಾ ಓಪನ್ ಮಿಶ್ರ ಡಬಲ್ಸ್ ಪ್ರಶಸ್ತಿಯಿಂದ ನಾಲ್ಕೂ ಗ್ರ್ಯಾಂಡ್‌ಸ್ಲಾಮ್‌ಗಳಲ್ಲಿ ಮೂರೂ ವಿಭಾಗ ಗೆದ್ದವರ ಪಟ್ಟಿಗೆ ಅವರು ಸೇರಿದರು. ಅವರಿಗೆ ಮೊದಲು ಅದನ್ನು ಸಾಧಿಸಿದವರು ಡೊರಿಸ್ ಹಾರ್ಟ್ ಮತ್ತು ಕೋರ್ಟ್ ಮಾತ್ರ. 2004ರ ವಿಂಬಲ್ಡನ್‌ನಲ್ಲಿ 47ರ ವಯಸ್ಸಿನಲ್ಲಿ ಸಿಂಗಲ್ಸ್ ಮೊದಲ ಸುತ್ತನ್ನು 6-0, 6-1ರಿಂದ ಗೆದ್ದರು. 2006ರಲ್ಲಿ, 50 ತುಂಬಲು ಒಂದು ತಿಂಗಳಷ್ಟೇ ಬಾಕಿಯಿರುವಾಗ, ಬಾಬ್ ಬ್ರಯಾನ್ ಜೊತೆ ಅಮೆರಿಕ ಓಪನ್ ಮಿಶ್ರ ಡಬಲ್ಸ್ ಗೆದ್ದರು, ಅದು 59ನೆಯದು. ಮೊದಲನೆಯದು, 1974ರ ಫ್ರೆಂಚ್ ಓಪನ್‌ನದು, ಕೂಡ ಮಿಶ್ರ ಡಬಲ್ಸ್‌ನದೇ. ನಡುವೆ 32 ವರ್ಷಗಳಿವೆ, ಇವನ್ನು ಸಂಖ್ಯೆ ಹೆಚ್ಚಿಸುವ ಕೆಲಸವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಮುಂದಿನ ಸಂಚಿಕೆಯ ಮೂರನೆಯ ಪುಟದಲ್ಲಿ ತಿದ್ದುಪಡಿ ಹೀಗೆ ಅಚ್ಚಾಗುತ್ತದೆ: "ನವ್ರಾಟಿಲೋವಾ 1983 ಮತ್ತು 1984ರಲ್ಲಿ ಸತತ ಆರು ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್ ಪ್ರಶಸ್ತಿಗಳನ್ನು ಗೆದ್ದರು; ಒಂದೇ ವರ್ಷದಲ್ಲಿ ನಾಲ್ಕನ್ನೂ ಗೆದ್ದದ್ದು 1984ರಲ್ಲಿ, ಪ್ಯಾಮ್ ಶ್ರೈವರ್ ಜೊತೆ, ಡಬಲ್ಸ್‌ನಲ್ಲಿ. ಮೂರೂ ವಿಭಾಗಗಳ ಒಟ್ಟು ಪ್ರಶಸ್ತಿಗಳಲ್ಲಿ ಮಾರ್ಗರೆಟ್ ಕೋರ್ಟ್ 64ರೊಂದಿಗೆ ಮೊದಲಿಗರು, ನವ್ರಾಟಿಲೋವಾ 59ರೊಂದಿಗೆ ಎರಡನೆಯವರು." ವಿಸ್ತಾರವಾದ ದಾಖಲೆ ಎಂಬ ಮಾತನ್ನು "ಓಪನ್ ಯುಗದಲ್ಲಿ" ಎಂಬ ಪದಗಳನ್ನು ಸೇರಿಸಿ ಉಳಿಸಿಕೊಂಡಿದ್ದೇನೆ. ಅದಕ್ಕೂ ತಮ್ಮ ಆಕ್ಷೇಪವಿದ್ದರೆ ದಯವಿಟ್ಟು ಬರೆಯಿರಿ. ಪತ್ರವನ್ನು ಪೂರ್ತಿಯಾಗಿ ಪ್ರಕಟಿಸುತ್ತೇವೆ.

ವಂದನೆಗಳೊಂದಿಗೆ,
ಸಂಪಾದಕ