ಎಷ್ಟು ಸಲ ಕ್ಷಮೆ ಕೇಳಿದರೂ ಸಾಲದು ಅನ್ನಿಸಿದಾಗ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇದನ್ನು ಬರೆಯಲು ಆಕೆಯ ಒಪ್ಪಿಗೆ ಇದೆ.

ಆಕೆಗೆ ಮೂವತ್ತು ದಾಟಿದೆ. ಸಭೆಯಲ್ಲಿ, ಅಂದರೆ ಅವರ ಚರ್ಚಿನಲ್ಲಿ, ಸಂಡೇ ಸ್ಕೂಲ್ ಟೀಚರ್. ಮಕ್ಕಳಿಗೆ ಅಚ್ಚುಮೆಚ್ಚು. ನನ್ನ ಹತ್ತಿರ ಸಲಹೆಗೆ ಕರೆತಂದವರು ಗಂಡ. "ಮೇಡಂ, ಇವಳಿಗೆ ಪ್ರಾರ್ಥನೆ ನಿಲ್ಲಿಸೋಕೆ ಆಗ್ತಿಲ್ಲ" ಅಂದರು. ಪ್ರಾರ್ಥನೆ ಕಡಿಮೆಯಾಯಿತು ಅಂತ ಹೇಳಿಕೊಂಡು ಬರುವವರು ಬಹಳ. ಜಾಸ್ತಿಯಾಯಿತು ಅಂತ ಬರುವವರು ಅಪರೂಪ.

ಶುರುವಾಗಿದ್ದು ಒಂದು ಭಾನುವಾರ. ಯೇಸುವಿನ ಮರಣದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಹೊತ್ತಿನಲ್ಲಿ ಪವಿತ್ರಾತ್ಮನ ಬಗ್ಗೆ ಒಂದು ಕೆಟ್ಟ ಮಾತು ಆಕೆಯ ಮನಸ್ಸಿಗೆ ಬಂತು. ಬೇಕಂತ ತಂದುಕೊಂಡದ್ದಲ್ಲ, ತಾನಾಗಿ ಬಂದದ್ದು. ಗಾಬರಿಯಾಗಿ ಮನೆಗೆ ಹೋದವರು ಮಾರ್ಕನ ಸುವಾರ್ತೆಯ ಮೂರನೇ ಅಧ್ಯಾಯ ತೆರೆದರು. ಪವಿತ್ರಾತ್ಮನನ್ನು ದೂಷಿಸುವವನಿಗೆ ಎಂದಿಗೂ ಕ್ಷಮೆಯಿಲ್ಲ ಎನ್ನುವ ಮಾತು ಅಲ್ಲಿದೆ. ಅಷ್ಟೇ ಸಾಕಾಯಿತು.

ಅಲ್ಲಿಂದ ರಾತ್ರಿಯೆಲ್ಲ ಮೊಣಕಾಲೂರಿ ಕ್ಷಮೆ ಕೇಳುವುದು. ನಡುವೆ ಮನಸ್ಸು ಆಚೀಚೆ ಹೋದರೆ ಮತ್ತೆ ಮೊದಲಿನಿಂದ. ಸತ್ಯವೇದದ ಕೆಲವು ವಚನಗಳನ್ನು ಸಮಾಧಾನ ಬರುವ ತನಕ ಓದುವುದು, ಸಮಾಧಾನ ಬಂತೋ ಇಲ್ಲವೋ ಅಂತ ಪರೀಕ್ಷೆ ಮಾಡುವುದು, ಬರಲಿಲ್ಲ ಅಂತ ಮತ್ತೆ ಓದುವುದು. "ನನಗೆ ಕ್ಷಮೆ ಸಿಕ್ಕಿದೆ ಅಲ್ವಾ?" ಅಂತ ಗಂಡನನ್ನು ದಿನಕ್ಕೆ ಹತ್ತಾರು ಸಲ ಕೇಳುವುದು. ಪಾಸ್ಟರ್‌ಗೆ ನಡುರಾತ್ರಿ ಮೆಸೇಜ್. ಒಂದು ವರ್ಷಕ್ಕೂ ಮೇಲೆ ಕರ್ತನ ಭೋಜನ ತೆಗೆದುಕೊಂಡಿರಲಿಲ್ಲ. ಮೊದಲ ಸಲ ಸರಿಯಾಗಿ ನಂಬಿರಲಿಲ್ಲವೇನೋ ಅಂತ ಎರಡನೇ ಸಲ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಮಾಡಿಸಿಕೊಂಡಿದ್ದರು. ಮೂರನೆಯದನ್ನು ಕೇಳುತ್ತಿದ್ದರು.

ಸಭೆಯವರು ಸುಮ್ಮನೆ ಕೂತಿರಲಿಲ್ಲ. ಒಬ್ಬ ಹಿರಿಯರು "ನೀನು ಮನಸಾರೆ ಪಶ್ಚಾತ್ತಾಪ ಪಟ್ಟಿಲ್ಲಮ್ಮ, ಅದಕ್ಕೇ ಸಮಾಧಾನ ಇಲ್ಲ" ಅಂದರು. ಇನ್ನೊಬ್ಬರು ದುರಾತ್ಮದ ಕಾಟ ಅಂತ ಬಿಡುಗಡೆಯ ಪ್ರಾರ್ಥನೆ ಮಾಡಿದರು. ಪ್ರತಿ ಆರಾಧನೆಯ ಕೊನೆಗೆ "ಇವತ್ತು ರಾತ್ರಿ ಸತ್ತರೆ ಎಲ್ಲಿರುತ್ತೀರಿ? ಖಚಿತ ಇಲ್ಲದವರು ಮುಂದೆ ಬನ್ನಿ" ಎಂಬ ಕರೆ ಇರುತ್ತಿತ್ತು. ಆಕೆ ಪ್ರತಿ ವಾರ ಮುಂದೆ ಹೋಗುತ್ತಿದ್ದರು. ಎಲ್ಲರೂ ಪ್ರೀತಿಯಿಂದಲೇ ಮಾಡಿದ್ದು. ಆದರೆ ಒಂದೊಂದೂ ಆಕೆಯನ್ನು ಇನ್ನಷ್ಟು ಒಳಕ್ಕೆ ತಳ್ಳಿತು.

ಮೊದಲು ನಾನು ಮಾಡಿದ ಕೆಲಸ ಮನೋವೈದ್ಯರ ಹತ್ತಿರ ಕಳಿಸಿದ್ದು. ಅವರು ಗೀಳು ರೋಗ (OCD) ಎಂದು ಗುರುತಿಸಿ ಔಷಧಿ ಶುರುಮಾಡಿದರು. ಬೇಡದ ಯೋಚನೆ ಮತ್ತೆ ಮತ್ತೆ ನುಗ್ಗುವುದು, ಅದರಿಂದಾದ ಭಯ ತಣಿಸಲು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು, ಇದೇ ಆ ರೋಗದ ಸ್ವರೂಪ. ಕೆಲವರಲ್ಲಿ ಅದು ಕೈ ತೊಳೆಯುವುದಾಗುತ್ತದೆ, ಕೆಲವರಲ್ಲಿ ಬೀಗ ನೋಡುವುದಾಗುತ್ತದೆ. ಭಕ್ತಿಯುಳ್ಳವರಲ್ಲಿ ಎಷ್ಟೋ ಸಲ ಪಾಪದ ಭಯವಾಗಿ ಕಾಣುತ್ತದೆ.

ಕೆಟ್ಟ ಯೋಚನೆ ಬಂದದ್ದೇ ತಾನು ಕೆಟ್ಟವಳು ಅನ್ನೋದಕ್ಕೆ ಸಾಕ್ಷಿ ಅಂತ ಆಕೆ ನಂಬಿದ್ದರು. ರಾಕ್‌ಮನ್ ಮತ್ತು ಡಿ ಸಿಲ್ವ ಎಂಬ ಮನಶ್ಶಾಸ್ತ್ರಜ್ಞರು 1978ರಲ್ಲೇ ಇದನ್ನು ವಿಚಾರಿಸಿ ನೋಡಿದ್ದರು. ಯಾವ ಕಾಯಿಲೆಯೂ ಇಲ್ಲದ ಜನರಲ್ಲೂ ಹೆಚ್ಚಿನವರಿಗೆ ಇಂಥ ಅಸಹ್ಯದ, ಹಿಂಸೆಯ, ದೇವದೂಷಣೆಯ ಯೋಚನೆಗಳು ಬಂದು ಹೋಗುತ್ತವೆ. ಅವರು ಗಮನ ಕೊಡದೆ ಮುಂದೆ ಹೋಗುತ್ತಾರೆ, ಮುಖ್ಯ ವ್ಯತ್ಯಾಸ ಅದು. ಸಭೆಯ ಚರಿತ್ರೆಯಲ್ಲೂ ಆಕೆ ಒಂಟಿಯಲ್ಲ. ಸಭೆಯ ಸುಧಾರಕ ಮಾರ್ಟಿನ್ ಲೂಥರ್ 1505ರಲ್ಲಿ ಮಠ ಸೇರಿದ ಮೇಲೆ ಗಂಟೆಗಟ್ಟಲೆ ಪಾಪ ಅರಿಕೆ ಮಾಡುತ್ತಿದ್ದರು. ಹೊರಗೆ ಬಂದ ಕೂಡಲೇ ಇನ್ನೊಂದು ನೆನಪಾಗುತ್ತಿತ್ತು. ಇಂಗ್ಲೆಂಡಿನ ಬೋಧಕ ಜಾನ್ ಬನ್ಯನ್ 1666ರಲ್ಲಿ ಬರೆದ ಆತ್ಮಕಥೆಯಲ್ಲಿ ಕ್ರಿಸ್ತನನ್ನು ಮಾರಿಬಿಡು, ಮಾರಿಬಿಡು ಎಂಬ ಯೋಚನೆ ಊಟದ ಹೊತ್ತಿನಲ್ಲೂ ತನ್ನನ್ನು ಬಿಡದೆ ಕಾಡಿತು ಎಂದಿದ್ದಾರೆ. ಇದನ್ನು ಹೇಳಿದಾಗ ಆಕೆ ಮೊದಲ ಸಲ ಅತ್ತರು. "ನನ್ನಂಥವರು ಯಾರೂ ಇಲ್ಲ ಅಂದ್ಕೊಂಡಿದ್ದೆ" ಅಂದರು.

ಹಾಗಾದರೆ ಇದು ಬರೀ ಕಾಯಿಲೆ, ಬೋಧನೆಗೆ ಇಲ್ಲೇನು ಕೆಲಸ ಅಂತ ನೀವು ಕೇಳಬಹುದು. ಕಾಯಿಲೆಯನ್ನು ಬೋಧನೆ ಹುಟ್ಟಿಸಲಿಲ್ಲ, ನಿಜ. ಆದರೆ ಅದಕ್ಕೆ ದಿನವೂ ತುತ್ತು ಸಿಗುತ್ತಿದ್ದದ್ದು ಆಕೆ ಕೇಳುತ್ತಿದ್ದ ಬೋಧನೆಯಿಂದ.

ಒಂದು ದಿನ ಕೇಳಿದೆ, "ದೇವರು ನಿಮ್ಮನ್ನು ಒಪ್ಪಿಕೊಂಡಿದ್ದಾನೆ ಅನ್ನೋದಕ್ಕೆ ಆಧಾರ ಏನು?" ತಡವರಿಸದೆ ಉತ್ತರ ಬಂತು: "ಕ್ರಿಸ್ತನು ಶಿಲುಬೆಯಲ್ಲಿ ಮಾಡಿದ್ದು." ಮಕ್ಕಳಿಗೆ ಇದನ್ನೇ ಕಲಿಸುವವರಲ್ವಾ. "ಸರಿ, ಹಾಗಾದರೆ ರಾತ್ರಿ ಎಲ್ಲ ಕೂತು ಏನನ್ನು ಪರೀಕ್ಷೆ ಮಾಡ್ತೀರಿ?" ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ನನ್ನ ಪಶ್ಚಾತ್ತಾಪ ನಿಜಾನಾ ಅಂತ. ನನ್ನ ನಂಬಿಕೆ ನಿಜಾನಾ ಅಂತ."

ಬಾಯಲ್ಲಿ ಇದ್ದ ಸಿದ್ಧಾಂತ ಒಂದು, ಬದುಕುತ್ತಿದ್ದದ್ದು ಇನ್ನೊಂದರ ಮೇಲೆ. ಎಷ್ಟೋ ಸಭೆಗಳಲ್ಲಿ ಇದೇ ಆಗುತ್ತಿದೆ ಅನ್ನೋದು ನನ್ನ ಅಭಿಪ್ರಾಯ. ಕೃಪೆಯಿಂದ ರಕ್ಷಣೆ ಅಂತ ವಿಶ್ವಾಸ ಪ್ರಮಾಣದಲ್ಲಿ ಬರೆದಿರುತ್ತದೆ. ಆದರೆ ಪ್ರಸಂಗದ ಕೊನೆಯ ಐದು ನಿಮಿಷ, ಆಮೇಲಿನ ಹಾಡು, ಮುಂದೆ ಕರೆದು ಮಾಡಿಸುವ ಪ್ರಾರ್ಥನೆ, ಇವೆಲ್ಲ "ನೀನು ಎಷ್ಟು ಮನಸಾರೆ ನಂಬಿದೆ?" ಅಂತಲೇ ಕೇಳುತ್ತಿರುತ್ತವೆ. ಜನ ಕಲಿಯುವುದು ಎರಡನೆಯದನ್ನು. ಗಟ್ಟಿ ಮನಸ್ಸಿನವರು ಇದನ್ನು ಹೇಗೋ ದಾಟಿಬಿಡುತ್ತಾರೆ. ಇಂಥವರು ಅದರಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಕ್ರೈಸ್ತ ಬೋಧನೆಯನ್ನು ಪ್ರಶ್ನೆ-ಉತ್ತರದಲ್ಲಿ ಕಲಿಸುವ 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರದ 60 ಮತ್ತು 61ನೇ ಪ್ರಶ್ನೆಗಳನ್ನು ಆಕೆಯ ಜೊತೆ ಕೂತು ಓದಿದೆ. ದೇವರ ಮುಂದೆ ನೀನು ನೀತಿವಂತನಾಗುವುದು ಹೇಗೆ ಅನ್ನೋದು ಮೊದಲ ಪ್ರಶ್ನೆ. ನನ್ನ ಮನಸ್ಸಾಕ್ಷಿ ನನ್ನ ಮೇಲೆ ದೂರು ಹೇಳುತ್ತಿದ್ದರೂ ದೇವರು ಬರೀ ಕೃಪೆಯಿಂದ ಕ್ರಿಸ್ತನ ನೀತಿಯನ್ನು ನನ್ನ ಲೆಕ್ಕಕ್ಕೆ ಹಾಕುತ್ತಾನೆ ಎಂಬುದು ಉತ್ತರದ ಸಾರ. ಮನಸ್ಸಾಕ್ಷಿ ತೆಪ್ಪಗಾದ ಮೇಲೆ ಅಂತ ಅಲ್ಲ, ಅದು ದೂರು ಹೇಳುತ್ತಿರುವಾಗಲೇ. ಮುಂದಿನ ಉತ್ತರ ಇನ್ನೂ ನೇರ. ನನ್ನ ನಂಬಿಕೆಗೆ ಯೋಗ್ಯತೆ ಇದೆ ಅಂತ ದೇವರು ನನ್ನನ್ನು ಮೆಚ್ಚುವುದಿಲ್ಲ, ಕ್ರಿಸ್ತನು ಮಾಡಿದ್ದೇ ನನ್ನ ನೀತಿ ಎನ್ನುತ್ತದೆ. ಅಂದರೆ ಆಕೆ ರಾತ್ರಿಯಿಡೀ ಅಳೆಯುತ್ತಿದ್ದ ವಸ್ತುವನ್ನು ದೇವರು ಅಳೆಯುತ್ತಲೇ ಇಲ್ಲ. "ಇದು ಇಷ್ಟು ಹಳೆಯದಾ?" ಅಂತ ಆಶ್ಚರ್ಯಪಟ್ಟರು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಎರಡು ವಾರ ಆಕೆ ಹಗುರವಾಗಿದ್ದರು. ಆಮೇಲೆ ಗಂಡ ಫೋನ್ ಮಾಡಿದರು. ಈಗ ಆ 60ನೇ ಉತ್ತರವನ್ನೇ ಬಾಯಿಪಾಠ ಮಾಡಿ ದಿನವೆಲ್ಲ ಹೇಳಿಕೊಳ್ಳುತ್ತಿದ್ದಾರೆ. ಒಂದು ಪದ ತಪ್ಪಿದರೆ ಮತ್ತೆ ಮೊದಲಿನಿಂದ.

ಇದು ಈ ಕಾಯಿಲೆಯ ಕುತಂತ್ರ. ಸತ್ಯವಾದ ಬೋಧನೆಯನ್ನೂ ಅದು ತನ್ನ ಕೆಲಸಕ್ಕೆ ಬಳಸಿಕೊಳ್ಳುತ್ತದೆ. ತುರಿಕೆ ಕೆರೆದಷ್ಟೂ ಜಾಸ್ತಿಯಾಗುವಂತೆ ಒಂದೊಂದು ಸಮಾಧಾನದ ವಚನವೂ ಮುಂದಿನ ಸಂಶಯವನ್ನು ಕರೆಯುತ್ತದೆ. ಹಾಗಾಗಿ ಇಂಥವರಿಗೆ ವಚನದ ಮೇಲೆ ವಚನ ಕಳಿಸುವ ಸ್ನೇಹಿತರಿಗೆ ನಾನು ಕೈಮುಗಿದು ಹೇಳುವುದು ಒಂದೇ, ದಯವಿಟ್ಟು ನಿಲ್ಲಿಸಿ.

ಅಲ್ಲಿಂದ ಸಲಹೆ ಬೇರೆ ದಾರಿ ಹಿಡಿಯಿತು. ಮಾರ್ಕ 3ನ್ನು ಪಾಸ್ಟರ್ ಜೊತೆ ಒಂದೇ ಒಂದು ಸಲ ಪೂರ್ತಿ ಓದಬೇಕು ಅಂದೆ. ಅಲ್ಲಿ ಯೇಸು ಎಚ್ಚರಿಸಿದ್ದು ಯಾರನ್ನು? ಕಣ್ಣೆದುರೇ ದೇವರ ಕೆಲಸ ನೋಡಿಯೂ ಇವನಿಗೆ ಬೆಲ್ಜೆಬೂಲ ಹಿಡಿದಿದ್ದಾನೆ ಎಂದು ಸಾರಿದ ಶಾಸ್ತ್ರಿಗಳನ್ನು. ಹಾಗೆ ಹೇಳಿದ್ದು ಇದಕ್ಕಾಗಿಯೇ ಎಂದು 30ನೇ ವಚನ ಸ್ಪಷ್ಟ ಮಾಡುತ್ತದೆ. ಅದು ಮನಸ್ಸು ಕಲ್ಲಾಗಿ, ತಿಳಿದೂ ತಿಳಿದೂ ಮಾಡಿದ ತಿರಸ್ಕಾರ. ಬೇಡದ ಯೋಚನೆ ಬಂದು ನಡುಗುವವರ ಕಥೆ ಅದಲ್ಲ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರು. ಹಾಳೆ ಪಾಸ್ಟರ್ ಹತ್ತಿರವೇ ಉಳಿಯಿತು. ಆಕೆ ಅದನ್ನು ತೆಗೆದು ತೆಗೆದು ನೋಡುವಂತಿಲ್ಲ.

ಅರಿಕೆಯ ಪ್ರಾರ್ಥನೆ ದಿನಕ್ಕೆ ಒಂದು ಸಲ, ಚಿಕ್ಕದು. ಮನಸ್ಸು ಚದುರಿದರೂ ಆಮೆನ್ ಹೇಳಿ ಏಳಬೇಕು. ಸಮಾಧಾನ ಬಂತೋ ಇಲ್ಲವೋ ನೋಡಬಾರದು. ಇದು ಆಕೆಗೆ ಭಯಂಕರ ಕಷ್ಟವಾಯಿತು. "ಅರ್ಧಂಬರ್ಧ ಪ್ರಾರ್ಥನೆಯನ್ನು ದೇವರು ಕೇಳ್ತಾನಾ?" ಅಂತ ಕೇಳಿದರು. ಮಾರ್ಕ 9ರಲ್ಲಿ ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯಮಾಡು ಅಂದ ಆ ತಂದೆಯ ಮಗನನ್ನು ಯೇಸು ವಾಸಿಮಾಡಲಿಲ್ವಾ ಅಂತ ನೆನಪಿಸಿದೆ.

ಗಂಡನಿಗೂ ಕೆಲಸ ಇತ್ತು. "ಕ್ಷಮೆ ಸಿಕ್ಕಿದೆಯಾ?" ಅಂದಾಗ ಹೌದು ಅನ್ನಬಾರದು, ಇಲ್ಲ ಅನ್ನಬಾರದು. "ಇದು ಕಾಯಿಲೆ ಕೇಳ್ತಿರೋ ಪ್ರಶ್ನೆ, ನಾನು ಉತ್ತರ ಕೊಡಲ್ಲ, ನಿನ್ನ ಜೊತೆ ಕೂತಿರ್ತೀನಿ" ಅನ್ನಬೇಕು. ಅವರಿಗೆ ಇದು ಕ್ರೂರ ಅನ್ನಿಸಿತು. ಮೊದಲ ವಾರ ಮನೆಯಲ್ಲಿ ಜಗಳವೂ ಆಯಿತು. ಆಮೇಲೆ ಪ್ರಶ್ನೆಗಳು ನಿಧಾನಕ್ಕೆ ಇಳಿದವು.

ಕರ್ತನ ಭೋಜನ ಎಲ್ಲಕ್ಕಿಂತ ದೊಡ್ಡ ಮೆಟ್ಟಿಲು. ಅಯೋಗ್ಯವಾಗಿ ತಿಂದರೆ ನ್ಯಾಯತೀರ್ಪು ಬರುತ್ತದೆ ಎಂಬ 1 ಕೊರಿಂಥ 11ರ ಮಾತು ಆಕೆಯನ್ನು ಹೆದರಿಸಿತ್ತು. ಅದೇ ಅಧ್ಯಾಯವನ್ನು ಸ್ವಲ್ಪ ಮೇಲಿನಿಂದ ಓದಿಸಿದೆ. ಆ ಪತ್ರ ಬರೆದ ಪೌಲನ ಸಿಟ್ಟು ಇದ್ದದ್ದು ಬಡವರನ್ನು ಹಸಿದಿರಲು ಬಿಟ್ಟು ತಾವು ಮೊದಲೇ ತಿಂದು ಕುಡಿದು ಮತ್ತರಾಗುತ್ತಿದ್ದವರ ಮೇಲೆ. ಆಕೆಯಂಥವರನ್ನು ಮೇಜಿನಿಂದ ಓಡಿಸಲು ಬರೆದದ್ದಲ್ಲ. ಶುದ್ಧಳಾದೆ ಅನ್ನಿಸಲಿ ಬಿಡಲಿ, ಮುಂದಿನ ಸಲ ತೆಗೆದುಕೊಳ್ಳಬೇಕು ಅಂತ ತೀರ್ಮಾನವಾಯಿತು. ಮೂರನೇ ದೀಕ್ಷಾಸ್ನಾನಕ್ಕೆ ಪಾಸ್ಟರ್ ಇಲ್ಲ ಅಂದರು. ಒಂದೇ ದೀಕ್ಷಾಸ್ನಾನ ಅಂತ ಎಫೆಸದವರಿಗೆ ಬರೆದ ಪತ್ರದಲ್ಲಿದೆ, ಅದರ ಬಗ್ಗೆ ಜಾಸ್ತಿ ಮಾತೇ ಬೇಕಾಗಲಿಲ್ಲ.

ಪಾಸ್ಟರ್ ಬಗ್ಗೆ ಸ್ವಲ್ಪ ಹೇಳಬೇಕು. ಮೊದಲು ಅವರಿಗೆ ನನ್ನ ಮೇಲೆ ಅನುಮಾನ ಇತ್ತು. ಭಯ ಹುಟ್ಟಿಸುವುದನ್ನು ಎದುರಿಸುವ ಚಿಕಿತ್ಸೆ ಅಂದರೆ ದೇವದೂಷಣೆ ಮಾಡಿಸುತ್ತಾರೇನೋ ಅಂದುಕೊಂಡಿದ್ದರು. ಪಾಪ ಮಾಡಿಸುವುದಿಲ್ಲ, ತಪ್ಪಿಸಿಕೊಂಡಿದ್ದ ಒಳ್ಳೆಯದನ್ನೇ ಮಾಡಿಸುತ್ತೇವೆ ಅಂತ ವಿವರಿಸಿದ ಮೇಲೆ ಸಮಾಧಾನವಾಯಿತು. ಇನ್ನೊಂದು ಪ್ರಶ್ನೆ ಮಾತ್ರ ಗಟ್ಟಿಯಾಗಿತ್ತು. "ಕ್ಷಮೆ ಇಷ್ಟು ಸುಲಭ ಅಂದರೆ ಜನ ಪಾಪವನ್ನು ಹಗುರವಾಗಿ ತೆಗೆದುಕೊಳ್ಳಲ್ವಾ?" ರೋಮಾಪುರದವರಿಗೆ ಬರೆದ ಪತ್ರದ ಆರನೇ ಅಧ್ಯಾಯ ಶುರುವಾಗುವುದೇ ಈ ಪ್ರಶ್ನೆಯಿಂದ. ಕೃಪೆಯನ್ನು ಸಾರಿದಾಗ ಯಾರಿಗೂ ಈ ಪ್ರಶ್ನೆ ಬರದಿದ್ದರೆ ಪೌಲ ಸಾರಿದ್ದನ್ನು ನಾವು ಸಾರುತ್ತಿಲ್ಲ ಅಂತಲೇ ಅರ್ಥ, ಅಂದೆ. ನಕ್ಕರು.

ಅವರ ಪ್ರಶ್ನೆಗೆ ಉತ್ತರ ಆಕೆಯ ಬದುಕಿನಲ್ಲೇ ಸಿಕ್ಕಿತು. ಭಯ ಸ್ವಲ್ಪ ಇಳಿದ ಮೇಲೆ ಆಕೆ ಒಂದು ಸಂಗತಿ ಹೇಳಿದರು. ಕೆಲವು ವರ್ಷಗಳ ಹಿಂದೆ ಜೊತೆಯ ಟೀಚರ್ ಒಬ್ಬರ ಬಗ್ಗೆ ಸುಳ್ಳು ಮಾತು ಹಬ್ಬಿಸಿದ್ದರು. ಆ ಟೀಚರ್ ಬೇಸರದಿಂದ ಮಕ್ಕಳ ಕೆಲಸವನ್ನೇ ಬಿಟ್ಟಿದ್ದರು. ಮಾಡದ ಪಾಪಕ್ಕೆ ಸಾವಿರ ಸಲ ಕ್ಷಮೆ ಕೇಳಿದವರು ಇದಕ್ಕೆ ಒಂದು ಸಲವೂ ಕೇಳಿರಲಿಲ್ಲ. ಇದು ಕಾಯಿಲೆಯಲ್ಲ, ಪಾಪ. ಎರಡನ್ನೂ ಒಂದೇ ರೀತಿ ನೋಡಬಾರದು. ಮತ್ತಾಯ 5ರಲ್ಲಿ ಹೇಳಿದಂತೆ ಮೊದಲು ಹೋಗಿ ಅವರ ಜೊತೆ ಸಮಾಧಾನ ಮಾಡಿಕೊಳ್ಳಿ ಅಂದೆ. ಒಂದೇ ಸಲ ಹೋಗಬೇಕು, ಚಿಕ್ಕದಾಗಿ ಹೇಳಬೇಕು, ನೆಪ ಕೊಡಬಾರದು, ಅವರು ಕ್ಷಮಿಸದಿದ್ದರೂ ಮತ್ತೆ ಮತ್ತೆ ಹೋಗಬಾರದು. ಹೋದರು. ಅವರು ತಕ್ಷಣ ಅಪ್ಪಿಕೊಳ್ಳಲಿಲ್ಲ, "ಕೇಳಿದ್ದಕ್ಕೆ ಥ್ಯಾಂಕ್ಸ್" ಅಂದರಂತೆ. ಆಕೆ ಅದನ್ನು ತಾಳಿಕೊಂಡರು. ದೇವರು ಒಪ್ಪಿಕೊಂಡಿದ್ದಾನೆ ಅನ್ನೋದು ಗಟ್ಟಿಯಾಗಿದ್ದರೆ ಮಾತ್ರ ನಿಜವಾದ ತಪ್ಪನ್ನು ಎದುರಿಸುವ ಧೈರ್ಯ ಬರುತ್ತದೆ ಅನ್ನೋದನ್ನು ನಾನು ಇನ್ನೂ ಕೆಲವರಲ್ಲಿ ನೋಡಿದ್ದೇನೆ.

ಸಭೆಯಲ್ಲಿ ಎರಡು ಬದಲಾವಣೆ ಆಯಿತು. ಆರಾಧನೆಯ ಮೊದಲಿಗೇ ಎಲ್ಲರೂ ಸೇರಿ ಪಾಪದ ಅರಿಕೆ ಮಾಡುತ್ತಾರೆ, ಪಾಸ್ಟರ್ ಎದ್ದು ನಿಂತು ಕ್ರಿಸ್ತನಲ್ಲಿ ಕ್ಷಮೆ ಇದೆ ಎಂದು ಸಾರುತ್ತಾರೆ. ಹಳೆಯ ಎಷ್ಟೋ ಸಭೆಗಳಲ್ಲಿ ಇರುವ ಪದ್ಧತಿಯೇ ಇದು, ಹೊಸದೇನಲ್ಲ. ಆಕೆಗೆ ಇದರಿಂದ ಬಹಳ ಸಹಾಯವಾಯಿತು. ಕ್ಷಮೆಯ ಮಾತು ವಾರಕ್ಕೊಮ್ಮೆ ಹೊರಗಿನಿಂದ, ಇನ್ನೊಬ್ಬರ ಬಾಯಿಂದ ಬರುತ್ತದೆ. ತಾನೇ ಹುಟ್ಟಿಸಿಕೊಳ್ಳಬೇಕಾಗಿಲ್ಲ. ಇನ್ನೊಂದು, ದೊಡ್ಡವರಿಗೂ ಪ್ರಶ್ನೋತ್ತರದ ತರಗತಿ ಶುರುವಾಗಿದೆ.

ಮುಂದೆ ಕರೆಯುವ ವಿಷಯದಲ್ಲಿ ನನಗೂ ಪಾಸ್ಟರ್‌ಗೂ ಇನ್ನೂ ಒಮ್ಮತವಿಲ್ಲ. ಅದು 19ನೇ ಶತಮಾನದ ಅಮೆರಿಕದ ಉಜ್ಜೀವನ ಕೂಟಗಳಲ್ಲಿ, ಚಾರ್ಲ್ಸ್ ಫಿನ್ನಿಯಂಥ ಬೋಧಕರ ಕಾಲದಲ್ಲಿ ಹಬ್ಬಿದ ರೂಢಿ, ಪ್ರತಿ ವಾರ ಬೇಕಿಲ್ಲ ಅಂತ ನಾನು. ಅದರಿಂದಲೇ ಕ್ರಿಸ್ತನ ಬಳಿಗೆ ಬಂದವರೂ ಇದ್ದಾರೆ ಅಂತ ಅವರು. ಈಗ ತಿಂಗಳಿಗೊಮ್ಮೆ ಮಾಡುತ್ತಾರೆ. ಆಕೆ ಮುಂದೆ ಹೋಗದೆ ಕೂತಲ್ಲೇ ಕೂತಿರುತ್ತಾರೆ, ಅದೂ ಚಿಕಿತ್ಸೆಯ ಭಾಗ.

ಯೋಚನೆಗಳು ನಿಂತಿಲ್ಲ. ಭೋಜನದ ಹೊತ್ತಿನಲ್ಲಿ ಈಗಲೂ ಬರುತ್ತವೆ, ಆಕೆ ತೆಗೆದುಕೊಳ್ಳುತ್ತಾರೆ. ಔಷಧಿ ವೈದ್ಯರ ಸಲಹೆಯಂತೆ ಮುಂದುವರಿದಿದೆ. ಯಾರಾದರೂ ಒಂದೇ ಪಾಪವನ್ನು ವಾರಗಟ್ಟಲೆ ಅರಿಕೆ ಮಾಡುತ್ತಾ ಬಂದರೆ, ಎಷ್ಟು ಧೈರ್ಯ ಹೇಳಿದರೂ ಅರ್ಧ ಗಂಟೆಯಲ್ಲಿ ಮತ್ತೆ ಅದೇ ಪ್ರಶ್ನೆ ಕೇಳಿದರೆ, ಬಿಡುಗಡೆಯ ಪ್ರಾರ್ಥನೆಗೆ ಮೊದಲು ಮನೋವೈದ್ಯರಿಗೆ ತೋರಿಸಿ ಅಂತ ಪಾಸ್ಟರ್‌ಗೆ ಹೇಳಿದ್ದೆ. ಹೋದ ತಿಂಗಳು ಅವರೇ ಅಂಥ ಒಬ್ಬ ಕಾಲೇಜು ಹುಡುಗನನ್ನು ಕಳಿಸಿದ್ದಾರೆ.